ಮರದ ನೆಲ: ಬಣ್ಣದ ವ್ಯತ್ಯಾಸ ದೋಷವಲ್ಲ

ಹೊಸ ಮನೆಯ ಕೋಣೆಗೆ ತೇಗದ ಹಲಗೆ ಹಾಸಿ ಮುಗಿದಿದೆ. ಒಂದು ಹಲಗೆ ಹೊಂಬಣ್ಣ, ಪಕ್ಕದ್ದು ಕಂದು, ಮತ್ತೊಂದರಲ್ಲಿ ಹಸಿರು ಛಾಯೆಯ ಗೆರೆ. ಮೋಸ ಹೋದೆವೆಂದು ಕೆಲವರು ವ್ಯಾಪಾರಿಯ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಇನ್ನು ಕೆಲವರು ಗಾಢ ಬಣ್ಣ ಬಳಿಸಿ ಚಂದದ ಮರವನ್ನೇ ಮುಚ್ಚಿಬಿಡುತ್ತಾರೆ. ಮರಕ್ಕೆ ಬಣ್ಣ ಹೇಗೆ ಬರುತ್ತದೆಂದು ಗೊತ್ತಿದ್ದರೆ ಎರಡೂ ಬೇಕಾಗುವುದಿಲ್ಲ. ನಿಜವಾದ ದೋಷ ಯಾವುದೆಂಬುದೂ ತಿಳಿಯುತ್ತದೆ.

ತಪ್ಪು ಕಲ್ಪನೆ: ಒಂದೇ ಜಾತಿಯ ಮರವಾದರೆ ಎಲ್ಲ ಹಲಗೆಗಳ ಬಣ್ಣವೂ ಒಂದೇ ಇರಬೇಕು.

ಸತ್ಯ: ಒಂದೇ ದಿಮ್ಮಿಯಿಂದ ಕೊಯ್ದ ಎರಡು ಹಲಗೆಗಳೂ ಪೂರ್ತಿ ಹೊಂದುವುದಿಲ್ಲ. ಮರ ಬಲಿತಂತೆ ಒಳಗಿನ ಜೀವಕೋಶಗಳು ಸತ್ತು, ಅಲ್ಲಿ ಬಣ್ಣ ಕೊಡುವ ರಾಸಾಯನಿಕಗಳು ತುಂಬಿಕೊಳ್ಳುತ್ತವೆ. ಅದೇ ಚೇಗು. ಮಣ್ಣು, ಮಳೆ, ಮರದ ವಯಸ್ಸು ಬೇರೆಯಾದಂತೆ ಆ ರಾಸಾಯನಿಕಗಳ ಪ್ರಮಾಣವೂ ಬೇರೆಯಾಗುತ್ತದೆ. ಕೊಯ್ಯುವ ರೀತಿಯೂ ಮುಖ್ಯ. ದಿಮ್ಮಿಯ ನಡುವಿನಿಂದ ಹೊರಕ್ಕೆ, ಉಂಗುರಗಳನ್ನು ಅಡ್ಡ ಕಡಿಯುವಂತೆ ಕೊಯ್ದರೆ ನೇರ ಗೆರೆಗಳು ಬರುತ್ತವೆ. ಅಂಚಿನ ಕಡೆಯಿಂದ ಸೀಳಿದರೆ ಗೋಪುರದಂಥ ಚಿತ್ತಾರ ಮೂಡುತ್ತದೆ.

ತಪ್ಪು ಕಲ್ಪನೆ: ಹಾಸಿದ ದಿನ ಕಂಡ ಬಣ್ಣವೇ ಕೊನೆಯವರೆಗೂ ಇರುತ್ತದೆ.

ಸತ್ಯ: ಮರ ಬೆಳಕು, ಗಾಳಿಗೆ ಬಣ್ಣ ಬದಲಿಸುತ್ತದೆ. ಆಗ ತಾನೇ ಕೀಸಿದ ತೇಗದ ಹಸಿರು ಛಾಯೆ, ಪಟ್ಟೆಗಳು ಕೆಲವು ವಾರಗಳಲ್ಲಿ ಮಂಕಾಗಿ, ಹಲಗೆಗಳೆಲ್ಲ ಹೊಂಗಂದು ಬಣ್ಣಕ್ಕೆ ಹತ್ತಿರವಾಗುತ್ತವೆ. ಹಲಸಿನ ಮರ ಹಳದಿಯಿಂದ ಕಂದಿಗೆ ತಿರುಗುತ್ತದೆ. ವಾಲ್‌ನಟ್ ಮಾತ್ರ ಉಲ್ಟಾ, ಕಾಲ ಕಳೆದಂತೆ ತಿಳಿಯಾಗುತ್ತದೆ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಜಮಖಾನೆ ಹಾಸದಿರಿ, ಹಾಸಿದರೂ ಆಗಾಗ ಜಾಗ ಬದಲಿಸಿ. ಇಲ್ಲವಾದರೆ ಅದನ್ನು ಎತ್ತಿದಾಗ ಕೆಳಗೆ ಅದರದೇ ಆಕಾರದ ಚೌಕ ಎದ್ದು ಕಾಣುತ್ತದೆ.

ತಪ್ಪು ಕಲ್ಪನೆ: ಒಳ್ಳೆಯ ಪಾಲಿಷ್ ಹಾಕಿದರೆ ಬಣ್ಣ ಬದಲಾಗುವುದೇ ಇಲ್ಲ.

ಸತ್ಯ: ನೇರಳಾತೀತ ಕಿರಣ ತಡೆಯುವ ಪಾಲಿಷ್ ಬದಲಾವಣೆಯನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಎಣ್ಣೆ ಆಧಾರಿತ ಪಾಲಿಯುರೆಥೇನ್ ಪಾಲಿಷ್ ತಾನೇ ವರ್ಷ ಕಳೆದಂತೆ ಹಳದಿಯಾಗುತ್ತದೆ.

ತಪ್ಪು ಕಲ್ಪನೆ: ಎಂಜಿನಿಯರ್ಡ್ ಮರದಲ್ಲಿ ಈ ರಗಳೆಯಿಲ್ಲ.

ಸತ್ಯ: ಅದರ ಮೇಲ್ಪದರ, ಸಾಮಾನ್ಯವಾಗಿ 2ರಿಂದ 6 ಮಿ.ಮೀ. ದಪ್ಪದ್ದು, ಅಸಲಿ ಮರವೇ. ಅದಕ್ಕೂ ಇದೇ ನಿಯಮ. ಲ್ಯಾಮಿನೇಟ್‌ನಲ್ಲಿ ಇರುವುದು ಮುದ್ರಿತ ಚಿತ್ರ. ಅಲ್ಲಿ ಅದೇ ಗಂಟು, ಅದೇ ಗೆರೆ ಹಲವು ಹಲಗೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ತಪ್ಪು ಕಲ್ಪನೆ: ಹಾಗಾದರೆ ಎಲ್ಲ ಕಲೆಗಳನ್ನೂ ಸಹಜವೆಂದು ಒಪ್ಪಿಕೊಳ್ಳಬೇಕು.

ಸತ್ಯ: ಖಂಡಿತ ಬೇಡ. ತೇಗದ ಹಲಗೆಯ ಅಂಚಿನಲ್ಲಿ ಬಿಳಿಚಿಕೊಂಡ ಪಟ್ಟೆ ಕಂಡರೆ ಅದು ತೊಗಟೆಗೆ ಅಂಟಿದ ಎಳೆ ಮರ. ಗೆದ್ದಲು, ಹುಳುಗಳಿಗೆ ಚೇಗಿನಂತೆ ಎದುರು ನಿಲ್ಲುವ ಶಕ್ತಿ ಅದಕ್ಕಿಲ್ಲ. ಬೇಗ ಬೆಳೆದ ಎಳೆಯ ತೋಟದ ತೇಗದಲ್ಲಿ ಈ ಭಾಗ ಹೆಚ್ಚು. ಮೊಳೆಯ ಸುತ್ತ ಕಪ್ಪು ವರ್ತುಲವಿದ್ದರೆ, ಮರದ ಟ್ಯಾನಿನ್ ತೇವದಲ್ಲಿ ಕಬ್ಬಿಣದೊಂದಿಗೆ ಬೆರೆತಿದೆ ಎಂದರ್ಥ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ. ಮೆತ್ತಗಾದ, ಮುಗ್ಗಲು ವಾಸನೆಯ ಹಲಗೆಯನ್ನು ವಾಪಸು ಕಳಿಸಿ.

ಅಂಗೈಯಗಲದ ಸ್ಯಾಂಪಲ್ ನೋಡಿ ಮರ ಆರಿಸಬೇಡಿ. ಐದಾರು ಹಲಗೆ ಬಿಡಿಸಿ ತೋರಿಸಲು ಹೇಳಿ. ಪಾಲಿಷ್ ಆಗದ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಪಾಲಿಷ್ ಹಾಕಿದ ಮೇಲೆ ಬರುವ ಬಣ್ಣದ ಅಂದಾಜು ಸಿಗುತ್ತದೆ. ಅಂಟಿಸುವ ಮುನ್ನ ಎಲ್ಲ ಪೆಟ್ಟಿಗೆಗಳನ್ನೂ ತೆರೆಸಿ, ಹಲಗೆಗಳನ್ನು ಬೆರೆಸಿ, ನೆಲದ ಮೇಲೆ ಹರಡಿಸಿ ನೋಡಿ. ಒಂದೇ ಪೆಟ್ಟಿಗೆಯ ಹಲಗೆಗಳು ಒಂದೇ ಮೂಲೆಯಲ್ಲಿ ಕೂತಾಗಲೇ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕೋಣೆಯ ತುಂಬ ಹರಡಿದರೆ ಅದೇ ವ್ಯತ್ಯಾಸ ನೆಲಕ್ಕೆ ಶೋಭೆ.