ಓಡಾಡುವ ದೀಪ, ನಿಂತ ದೀಪ

ಹುಣಸೂರು ಬಸ್ ಸ್ಟ್ಯಾಂಡಿನಿಂದ ಕೂಗಳತೆಯ ದೂರದಲ್ಲಿ ನಾನು ಕಟಿಂಗ್ ಮಾಡಿಸುವ ಸಲೂನಿದೆ. ಅಲ್ಲಿ ಕನ್ನಡಿಯ ಕೆಳಗೆ, ಪೌಡರ್ ಡಬ್ಬಿಯ ಮಗ್ಗುಲಲ್ಲಿ ಕ್ರಿಮಿ ಕೊಲ್ಲುವ ಒಂದು ಪುಟ್ಟ ಪೆಟ್ಟಿಗೆ ಕೂತಿದೆ. ಸ್ವಿಚ್ ಒತ್ತಿದರೆ ಒಳಗೆ ತಿಳಿನೀಲಿ ಬೆಳಕು. ಅದರಲ್ಲಿ ಎರಡು ಕತ್ತರಿ, ಒಂದರ ಮೇಲೊಂದು ಬಿದ್ದ ಮೂರು ಬಾಚಣಿಗೆ.

‘ಕರೋನಾ ಟೈಮಲ್ಲಿ ಮೈಸೂರಿಂದ ತಂದಿದ್ದು ಸಾ. ಆಗ ಜನ ಇದ್ನ ನೋಡ್ಬುಟ್ಟೇ ಕುರ್ಚಿ ಮೇಲೆ ಕೂತ್ಕೊಳೋರು’ ಎಂದರು ಅಂಗಡಿಯವರು. ಈಗ? ‘ಈಗ ಯಾರ್ ಕೇಳ್ತಾರೆ? ಬಾಚಣಿಗೆ ಮಡಗಕ್ಕೆ ಒಂದು ಜಾಗ ಆಯ್ತು, ಅಷ್ಟೇಯ.’

ಈ ಪೆಟ್ಟಿಗೆಯ ದೀಪಕ್ಕೆ ಚಕ್ರ ಕಟ್ಟಿ, ದಾರಿ ನೋಡಿಕೊಂಡು ಹೋಗುವ ಬುದ್ಧಿ ಕೊಟ್ಟರೆ ಅದೇ ಯುವಿ (ನೇರಳಾತೀತ) ರೋಬೊ. 2020ರಲ್ಲಿ ಜಗತ್ತಿನ ಆಸ್ಪತ್ರೆ, ಗೋದಾಮು, ಅಂಗಡಿ, ಕಚೇರಿಗಳಲ್ಲಿ ರಾತ್ರಿ ಹೊತ್ತು ತಾನೇ ತಿರುಗಾಡಿ ವೈರಸ್ ಕೊಲ್ಲುತ್ತದೆ ಎಂದು ಟಿವಿಯಲ್ಲಿ ತೋರಿಸಿದ್ದು ಅದನ್ನೇ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ಊರಿನ ಯಾವ ಅಂಗಡಿಯಲ್ಲೂ ನಾನು ಆ ರೋಬೊವನ್ನು ಕಂಡವನಲ್ಲ. ಆದರೆ ಅದರ ದೀಪವನ್ನು ದಿನವೂ ಕಾಣುತ್ತೇನೆ. ಅದು ಇಲ್ಲಿಗೆ ಬಂದ ದಾರಿ ಬೇರೆ.

ಕಥೆ ಬಿಸಿಲಿನಿಂದ ಶುರುವಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಿದ್ದು ಎದ್ದರೆ ಹಾಸಿಗೆ, ಕಂಬಳಿಯನ್ನು ಬಿಸಿಲಿಗೆ ಹಾಕುವುದು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಟ್ಟ ಪಾಠವಲ್ಲ. ಅದಕ್ಕೆ ಪ್ರಯೋಗದ ಪುರಾವೆ ಸಿಕ್ಕಿದ್ದು 1877ರಲ್ಲಿ. ಆರ್ಥರ್ ಡೌನ್ಸ್ ಮತ್ತು ಥಾಮಸ್ ಬ್ಲಂಟ್ ಎಂಬ ಇಬ್ಬರು ಇಂಗ್ಲಿಷರು ಸಕ್ಕರೆ ಬೆರೆತ ದ್ರಾವಣವನ್ನು ಗಾಜಿನ ನಳಿಕೆಗಳಲ್ಲಿ ತುಂಬಿ ಬಿಸಿಲಿಗಿಟ್ಟರು. ಕೆಲವಕ್ಕೆ ಸೀಸದ ತಗಡು ಸುತ್ತಿದರು. ತಗಡು ಸುತ್ತಿದವು ಬ್ಯಾಕ್ಟೀರಿಯಾ ಬೆಳೆದು ಬಗ್ಗಡವಾದವು, ಬಿಸಿಲು ಕುಡಿದವು ತಿಳಿಯಾಗಿಯೇ ಉಳಿದವು. ಮುಂದೆ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಎಂಬ ವೈದ್ಯ ಚರ್ಮದ ಕ್ಷಯಕ್ಕೆ ಬೆಳಕನ್ನೇ ಮದ್ದು ಮಾಡಿ 1903ರ ನೊಬೆಲ್ ಪಡೆದ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕ್ಷಯದಿಂದ ತೀರಿಕೊಂಡ ತಮ್ಮ ಸಹೋದರಿ ಕೃಷ್ಣಾಜಮ್ಮಣ್ಣಿಯ ಹೆಸರಿನಲ್ಲಿ ಸ್ಯಾನಿಟೋರಿಯಂ ಕಟ್ಟಿಸಿದಾಗಲೂ ಆ ಕಾಯಿಲೆಗೆ ಗುಳಿಗೆ ಇರಲಿಲ್ಲ. ಗಾಳಿ, ಬಿಸಿಲು, ಊಟ, ವಿಶ್ರಾಂತಿ, ಇದ್ದದ್ದು ಇಷ್ಟೇ.

ಬಿಸಿಲಿನಲ್ಲಿ ಕ್ರಿಮಿ ಕೊಲ್ಲುವ ಭಾಗ ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಅದರಲ್ಲೂ ತೀರಾ ಖಡಕ್ಕಾದ ಯುವಿ-ಸಿಯನ್ನು ಓಜೋನ್ ಪದರ ನೆಲಕ್ಕೆ ಇಳಿಯಗೊಡುವುದಿಲ್ಲ. ಹಾಗಾಗಿ ಅದನ್ನು ದೀಪದಲ್ಲೇ ಹುಟ್ಟಿಸಬೇಕು. ಪಾದರಸದ ಆವಿಯಲ್ಲಿ ಕರೆಂಟು ಹರಿಸಿದರೆ 254 ನ್ಯಾನೊಮೀಟರ್ ತರಂಗದ ಬೆಳಕು ಹುಟ್ಟುತ್ತದೆ. ಮಾಮೂಲಿ ಗಾಜು ಅದನ್ನು ತಡೆಯುತ್ತದೆ, ಸ್ಫಟಿಕದ ಗಾಜು ಬಿಡುತ್ತದೆ. ಈ ಕಿರಣ ಬ್ಯಾಕ್ಟೀರಿಯಾ, ವೈರಸ್ಸುಗಳ ಒಳಗಿನ ವಂಶವಾಹಿಯ ಪಕ್ಕಪಕ್ಕದ ಕೊಂಡಿಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಆಮೇಲೆ ಅದಕ್ಕೆ ಮರಿ ಮಾಡಲು ಬಾರದು. ಸಲೂನಿನ ಪೆಟ್ಟಿಗೆಯಲ್ಲಿ ನಾವು ಕಾಣುವ ನೀಲಿ ಯುವಿ ಅಲ್ಲ, ಅದೇ ಪಾದರಸ ಜೊತೆಗೆ ಚೆಲ್ಲುವ ಇನ್ನೊಂದು ಬೆಳಕು. (ಬೇಕರಿಯ ಗೋಡೆಯಲ್ಲಿ ನೊಣ ಹಿಡಿಯುವ ನೀಲಿ ದೀಪವೂ ಇದೇ ವಂಶದ್ದು. ಆದರೆ ಅದು ಯುವಿ-ಎ, ಸಾಧು ಪ್ರಾಣಿ. ನೊಣವನ್ನು ಕರೆಯುತ್ತದೆ, ಕ್ರಿಮಿಯನ್ನು ಮುಟ್ಟುವುದಿಲ್ಲ.)

ಇಷ್ಟು ಒಳ್ಳೆಯ ದೀಪಕ್ಕೆ ಎರಡು ಐಬು. ಒಂದು, ಅದು ಮನುಷ್ಯನಿಗೂ ಆಗದು. ಕನ್ನಡಕವಿಲ್ಲದೆ ವೆಲ್ಡಿಂಗ್ ನೋಡಿದ ಹುಡುಗ ರಾತ್ರಿಯೆಲ್ಲ ಕಣ್ಣಿಗೆ ಮರಳು ಸುರಿದ ಹಾಗೆ ಒದ್ದಾಡುತ್ತಾನಲ್ಲ, ಅದು ಯುವಿಯ ಪೆಟ್ಟು. ಎರಡು, ನೆರಳು. ಬೆಳಕು ನೆಟ್ಟಗೆ ಹೋಗುತ್ತದೆ, ಮೂಲೆ ತಿರುಗುವುದಿಲ್ಲ. ದೂರ ಎರಡರಷ್ಟಾದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಮೇಲೊಂದು ಪದರ ದೂಳಿದ್ದರೂ ಕ್ರಿಮಿಗೆ ಅದೇ ಕೊಡೆ. ಸಲೂನಿನಲ್ಲಿ ಮೂರನೇ ಬಾಚಣಿಗೆ ಮೊದಲೆರಡರ ನೆರಳಿನಲ್ಲಿ ನೆಮ್ಮದಿಯಾಗಿ ಮಲಗಿತ್ತು.

ರೋಬೊ ಹುಟ್ಟಿದ್ದು ಈ ಎರಡು ಐಬುಗಳಿಂದಲೇ ಎಂಬುದು ನನ್ನ ಎಣಿಕೆ. ಮನುಷ್ಯ ಕೋಣೆಯಲ್ಲಿ ಇರಕೂಡದು, ಆದರೆ ನೆರಳು ತಪ್ಪಿಸಲು ದೀಪವನ್ನು ಯಾರಾದರೂ ಜಾಗ ಬದಲಿಸುತ್ತಿರಬೇಕು. ಯಾರು? ಡೆನ್ಮಾರ್ಕಿನ ಒಡೆನ್ಸೆ ಊರಿನಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯೂ ಬ್ಲೂ ಓಷನ್ ರೊಬೊಟಿಕ್ಸ್ ಕಂಪನಿಯೂ 2014ರಿಂದ ಕೂಡಿ ದುಡಿದು, ಕಂಬದಂತೆ ನಿಂತ ಟ್ಯೂಬುಗಳನ್ನು ಹೊತ್ತು ಓಡಾಡುವ ರೋಬೊ ಮಾಡಿದವು. ಫಿನ್ಸೆನ್ನನ ದೇಶದಲ್ಲೇ, ನೋಡಿ. 2020ರ ಫೆಬ್ರುವರಿಯಲ್ಲಿ ಅವು ಚೀನಾಕ್ಕೆ ಹೊರಡತೊಡಗಿದವು. ಅದೇ ವರ್ಷ ಬಾಸ್ಟನ್ನಿನಲ್ಲಿ ಎಂಐಟಿ ವಿಶ್ವವಿದ್ಯಾಲಯದವರು ಬಡವರಿಗೆ ಆಹಾರ ಹಂಚುವ ಸಂಸ್ಥೆಯೊಂದರ ಗೋದಾಮಿನಲ್ಲಿ ರೋಬೊ ಬಿಟ್ಟರು. 4,000 ಚದರಡಿ ಜಾಗ ಅರ್ಧ ಗಂಟೆಯಲ್ಲಿ ಮುಗಿಯಿತು.

ನಮ್ಮಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ 2020ರ ಮೇ ತಿಂಗಳಲ್ಲಿ ‘ಯುವಿ ಬ್ಲಾಸ್ಟರ್’ ಗೋಪುರ ತಂದಿತು. ತಲಾ 43 ವಾಟಿನ ಆರು ದೀಪ, ಮೊಬೈಲ್ ಅಥವಾ ಲ್ಯಾಪ್‌ಟಾಪಿನಿಂದ ದೂರ ಕೂತು ನಡೆಸುವುದು, ಬಾಗಿಲು ತೆಗೆದರೆ ತಾನೇ ಆರುವುದು. ‘ಮಿತ್ರ’ ಎಂಬ ಮಾತಾಡುವ ರೋಬೊದಿಂದ ಹೆಸರಾಗಿದ್ದ ಬೆಂಗಳೂರಿನ ಇನ್ವೆಂಟೊ ರೊಬೊಟಿಕ್ಸ್ ‘ಸಿ-ಅಸ್ತ್ರ’ ಎಂಬ ಯುವಿ ರೋಬೊ ಮಾಡಿತು.

ಡಿಆರ್‌ಡಿಒ ಲೆಕ್ಕದಲ್ಲಿ 12 ಅಡಿಗೆ 12 ಅಡಿಯ ಕೋಣೆಗೆ ಸುಮಾರು 10 ನಿಮಿಷ ಸಾಕು. ಅಳತೆ ಕೇಳಿದರೆ ಪಿರಿಯಾಪಟ್ಟಣದ ದಿನಸಿ ಅಂಗಡಿಗೆಂದೇ ಹೊಲಿಸಿದ ಹಾಗಿದೆ! ಆದರೆ ಆ ಅಂಗಡಿಯ ಒಳಗೆ ಒಮ್ಮೆ ನಿಂತು ನೋಡಬೇಕು. ಬಾಗಿಲಿಗೆ ಅಡ್ಡ ತೋರಣದಂತೆ ನೇತ ಶಾಂಪೂ ಸ್ಯಾಶೆ, ಪ್ರತಿಯೊಂದಕ್ಕೂ ಒಂದು ಬೆನ್ನು. ಅಕ್ಕಿ ಮೂಟೆಯ ಹಿಂದೆ ಬೂಸಾ ಮೂಟೆ, ಅದರ ಹಿಂದೆ ಬೆಲ್ಲದ ಪೆಟ್ಟಿಗೆ. ತಕ್ಕಡಿಯ ತಟ್ಟೆಯ ಅಡಿ, ಗಲ್ಲಾಪೆಟ್ಟಿಗೆಯ ಒಳಗೆ ಮಡಿಚಿಟ್ಟ ನೋಟು. ಇಂಥ ಕಡೆ ಬೆಳಕಿಗಿಂತ ನೆರಳೇ ಹೆಚ್ಚು. ಇನ್ನು ಹೊಗೆಸೊಪ್ಪು ಹದ ಮಾಡಿ ಗ್ರೇಡ್ ಮಾಡುವ ಶೆಡ್ಡಿನ ದೂಳಿನಲ್ಲಿ ಯುವಿ ಎಷ್ಟು ದೂರ ನಡೆದೀತು? ಜಾಗ ಸಾಲದೆ ಅಂಗಡಿಯವನೇ ಹೊರಗೆ ಸ್ಟೂಲು ಹಾಕಿಕೊಂಡು ಕೂತಿರುವಾಗ ರೋಬೊ ಎಲ್ಲಿ ತಿರುಗಬೇಕು?

ಆ ವರ್ಷ ನಾವು ಮಾಡಿದ್ದು ಬೇರೆ. ಬೀದಿಗೆ ಹೈಪೊ ಎಂಬ ಕ್ರಿಮಿನಾಶಕ ಸಿಂಪಡಿಸಿದೆವು. ನೋಟಿಗೆ ಇಸ್ತ್ರಿ ಹಾಕಿದವರೂ ಇದ್ದರು. ಮನುಷ್ಯರನ್ನೇ ಔಷಧಿಯ ಸುರಂಗದಲ್ಲಿ ನಡೆಸಿದ್ದೂ ಆಯಿತು. 2020ರ ನವೆಂಬರ್ 5ರಂದು ಸುಪ್ರೀಂ ಕೋರ್ಟ್, ಇಂಥ ಸುರಂಗಗಳನ್ನೂ ಮನುಷ್ಯರ ಮೇಲೆ ಕೃತಕ ನೇರಳಾತೀತ ಕಿರಣ ಬಿಡುವುದನ್ನೂ ನಿಷೇಧಿಸುವ ಇಲ್ಲವೇ ನಿಯಂತ್ರಿಸುವ ಆದೇಶ ಹೊರಡಿಸಿ ಎಂದು ಕೇಂದ್ರಕ್ಕೆ ಸೂಚಿಸಿತು. ಅದಕ್ಕೂ ಮೊದಲೇ ಅಮೆರಿಕದ ಪ್ರಯೋಗಾಲಯವೊಂದು ಉಕ್ಕಿನ ತುಂಡಿನ ಮೇಲೆ ಎಂಜಲಿನಂಥ ದ್ರವದಲ್ಲಿ ವೈರಸ್ ಹಚ್ಚಿ, ಬೇಸಿಗೆ ಮಧ್ಯಾಹ್ನದ ಬಿಸಿಲಿಗೆ ಸಮನಾದ ಬೆಳಕು ಬಿಟ್ಟು ನೋಡಿತ್ತು. ನೂರಕ್ಕೆ 90ರಷ್ಟು ವೈರಸ್ ಕೆಟ್ಟುಹೋಗಲು ಹಿಡಿದದ್ದು 7 ನಿಮಿಷಕ್ಕೂ ಕಡಿಮೆ. ಎಚ್.ಡಿ. ಕೋಟೆಯ ಸಂತೆಯಲ್ಲಿ ನೆಲದ ಮೇಲೆ ಗೋಣಿ ಹಾಸಿ ಬದನೆಕಾಯಿ ಗುಡ್ಡೆ ಹಾಕಿಕೊಂಡು ಕೂತ ಅಜ್ಜಿ ಬಾಡಿಗೆಯಿಲ್ಲದೆ ಪಡೆಯುತ್ತಿದ್ದದ್ದು ಆ ಬೆಳಕನ್ನೇ. ಪೊಲೀಸರು ಸಂತೆ ಎಬ್ಬಿಸಿದರು, ಅದು ಬೇರೆ ಮಾತು.

2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಸೋಂಕಿರುವ ವಸ್ತುವನ್ನು ಒಮ್ಮೆ ಮುಟ್ಟಿದರೆ ಕೋವಿಡ್ ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಹೇಳಿತು. ಮೇಜು, ಕುರ್ಚಿ ಬೆಳಗುವ ರೋಬೊದ ಅರ್ಧ ಗತ್ತು ಅಲ್ಲಿಗೇ ಇಳಿಯಿತು. ಕಳ್ಳ ಗಾಳಿಯಲ್ಲಿದ್ದ. ವಿಲಿಯಂ ವೆಲ್ಸ್ ಎಂಬ ವಿಜ್ಞಾನಿ 1930ರ ದಶಕದಲ್ಲೇ ಇದನ್ನು ಹೇಳಿದ್ದ. ಫಿಲಡೆಲ್ಫಿಯಾದ ಶಾಲೆಗಳಲ್ಲಿ ಮಕ್ಕಳ ತಲೆಗಿಂತ ಮೇಲೆ ಯುವಿ ದೀಪ ಕಟ್ಟಿ, ದಡಾರ ಕಡಿಮೆಯಾದದ್ದನ್ನು ತೋರಿಸಿದ್ದ. ಅಲ್ಲಿ ದೀಪ ಓಡಾಡಲಿಲ್ಲ. ಗಾಳಿಯೇ ಮೇಲೇರಿ ದೀಪದ ಬಳಿಗೆ ಹೋಗುತ್ತಿತ್ತು. 2021ರಲ್ಲಿ ನಮ್ಮ ಸಂಸತ್ತಿನ ಎಸಿ ಕೊಳವೆಗಳಲ್ಲಿ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಯುವಿ ದೀಪ ಕೂರಿಸಿದ್ದೂ ಇದೇ ತರ್ಕದಿಂದ.

ದೀಪ ನಿಂತಿರಲಿ, ಮಿಕ್ಕದ್ದು ಅದರ ಮುಂದೆ ಹಾದುಹೋಗಲಿ. ನಮ್ಮ ತಾಲ್ಲೂಕುಗಳಿಗೆ ಯುವಿ ಬಂದದ್ದು ಈ ದಾರಿಯಲ್ಲೇ, ಅದೂ ನೀರಿನ ಜೊತೆ. ಫ್ರಾನ್ಸಿನ ಮಾರ್ಸೇಲ್ ನಗರ 1910ರಲ್ಲಿ ಕುಡಿಯುವ ನೀರಿಗೆ ಈ ದೀಪ ಹಚ್ಚಿ ನೋಡಿತ್ತು. ನಮ್ಮ ಮಧ್ಯಮವರ್ಗದ ಅಡುಗೆಮನೆಗೆ ಅದನ್ನು ತಂದವರು 1984ರಿಂದ ಟೈ ಕಟ್ಟಿಕೊಂಡು ಬಾಗಿಲು ತಟ್ಟುತ್ತಿದ್ದ ಅಕ್ವಾಗಾರ್ಡ್ ಫಿಲ್ಟರ್ ಮಾರುವ ಹುಡುಗರು. 1992-93ರಲ್ಲಿ ಬಂಗಾಳದ ಕಡೆ ಹೊಸ ಕಾಲರಾ ಎದ್ದಾಗ ಮುಂಬೈ ಮೂಲದ ಭೌತವಿಜ್ಞಾನಿ ಅಶೋಕ್ ಗಾಡ್ಗೀಳ್ ಹಳ್ಳಿಗೆಂದೇ ಒಂದು ಯಂತ್ರ ಮಾಡಿದರು. ಬೋರ್ ನೀರಿನಲ್ಲಿ ಮುಳುಗಿಸಿದ ದೀಪದ ಕವಚಕ್ಕೆ ಪಾತ್ರೆಯ ಹಾಗೆ ಬಿಳಿ ಚಕ್ಕೆ ಕಟ್ಟುತ್ತದೆ, ಒಳಗೆ ದೀಪ ಉರಿಯುತ್ತಿದ್ದರೂ ಹೊರಗೆ ಕಿರಣ ಬಾರದು. ಗಾಡ್ಗೀಳರು ದೀಪವನ್ನು ನೀರಿನ ಮೇಲೆ ತೂಗುಹಾಕಿದರು. ಸಮಸ್ಯೆಯೇ ಇಲ್ಲ. ನನ್ನ ಮಟ್ಟಿಗೆ ಯಾವ ರೋಬೊಗಿಂತ ಇದು ಹೆಚ್ಚು ಜಾಣತನ.

ಕೆ.ಆರ್. ನಗರದ ಕಡೆಯ ಹಳ್ಳಿಯೊಂದರ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಮೊನ್ನೆ ಹೋಗಿದ್ದೆ. 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ನೋಡಿಕೊಳ್ಳುವ ಹುಡುಗ ಒಳಗೆ ಕರೆದು ತೋರಿಸಿದ. ದೊಡ್ಡ ಟ್ಯಾಂಕು, ಆರ್‌ಒ ಕೊಳವೆಗಳ ಸಾಲು, ಕೊನೆಯಲ್ಲಿ ಮೊಳದುದ್ದದ ಸ್ಟೀಲ್ ನಳಿಕೆ. ತುದಿಯ ಕಪ್ಪು ಮುಚ್ಚಳದ ಸಂದಿಯಲ್ಲಿ ಸಲೂನಿನದೇ ನೀಲಿ.

‘ಟ್ಯೂಬ್ ಯಾವಾಗ ಹಾಕಿದ್ದಪ್ಪ?’ ಎಂದೆ.

‘ಚೆನ್ನಾಗೇ ಉರೀತೈತಲ್ಲ ಸಾ.’

ಉರಿಯುತ್ತದೆ. ಇಂಥ ದೀಪ ಸುಮಾರು 9,000 ಗಂಟೆ, ಅಂದರೆ ಬಿಡದೆ ಹಚ್ಚಿಟ್ಟರೆ ಒಂದು ವರ್ಷ, ಕಳೆದ ಮೇಲೂ ನೀಲಿಯಾಗಿಯೇ ಉರಿಯುತ್ತದೆ. ಕೊಲ್ಲುವ ಕಿರಣ ಮಾತ್ರ ಸದ್ದಿಲ್ಲದೆ ಇಳಿದಿರುತ್ತದೆ. ಅದನ್ನು ಹೇಳಿದೆ. ಹುಡುಗ ನಳಿಕೆಯ ಕಡೆ ಒಮ್ಮೆ ನೋಡಿ, ಜೇಬಿನಿಂದ ಫೋನ್ ತೆಗೆದ. ‘ಬಿಲ್ದು ಫೋಟೊ ತೆಗ್ದು ಮಡಗಿವ್ನಿ ಸಾ, ಒಂದ್ನಿಮಿಷ’ ಎಂದು ಬೆರಳಾಡಿಸತೊಡಗಿದ. ಮದುವೆ, ಜಾತ್ರೆ, ಟ್ರ್ಯಾಕ್ಟರ್, ಇನ್ನೊಂದು ಮದುವೆ. ಹೊರಗೆ ಯಾರೋ ನಾಣ್ಯ ಹಾಕಿದರು, ನೀರು ಬೀಳತೊಡಗಿತು.