ಮುಖ ನೋಡುವ ಕನ್ನಡಿಯಲ್ಲಿ ಪಾದವನ್ನೂ ನೋಡಿ

ಮುಖದಲ್ಲೊಂದು ಮೊಡವೆ ಎದ್ದರೆ ಹತ್ತು ಸಲ ಕನ್ನಡಿ ನೋಡುತ್ತೇವೆ. ಪಾದದ ನೆನಪಾಗುವುದು ಮಾತ್ರ ಹಿಮ್ಮಡಿ ಒಡೆದು ರಕ್ತ ಒಸರಿದಾಗ. ಒಂದೊಂದು ಪಾದದಲ್ಲೂ 26 ಮೂಳೆಗಳಿವೆ. ದಿನವಿಡೀ ದೇಹದ ಭಾರ ಹೊರುವ ಈ ಪಾದಗಳಿಗೆ ದಿನಕ್ಕೆ ಐದು ನಿಮಿಷ ಮೀಸಲಿಟ್ಟರೆ ಅನೇಕ ತೊಂದರೆಗಳನ್ನು ತಪ್ಪಿಸಬಹುದು.

ತೊಳೆದರಷ್ಟೇ ಸಾಲದು

ಐದು ಹೊತ್ತು ವುಝೂ ಮಾಡುವವರ ಪಾದ ಶುಚಿಯಾಗಿರುತ್ತದೆ, ನಿಜ. ಆದರೆ ಒದ್ದೆ ಕಾಲಿಗೆ ಸಾಕ್ಸ್, ಶೂ ಏರಿಸಿಕೊಂಡು ಅಂಗಡಿಗೋ ಆಫೀಸಿಗೋ ಓಡಿದರೆ ಬೆರಳ ಸಂದಿಯ ತೇವ ಆರುವುದೇ ಇಲ್ಲ. ತೇವ, ಬಿಸಿ, ಕತ್ತಲೆ ಮೂರೂ ಸೇರಿದಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಚರ್ಮ ಬೆಳ್ಳಗಾಗಿ ಸುಲಿಯುವುದು, ತುರಿಕೆ, ದುರ್ವಾಸನೆ ಇದರ ಲಕ್ಷಣಗಳು. ಸಾಮಾನ್ಯವಾಗಿ ಕಿರುಬೆರಳಿನ ಸಂದಿಯಲ್ಲೇ ಇದು ಶುರುವಾಗುತ್ತದೆ. ಬೆರಳ ಸಂದಿಗೆ ನೀರು ತಲುಪಿಸಿದ ಮೇಲೆ ಒಣ ಬಟ್ಟೆಯನ್ನೂ ಅಲ್ಲಿಗೆ ತಲುಪಿಸಿ. ಅದಕ್ಕಾಗಿ ಬ್ಯಾಗಿನಲ್ಲೊಂದು ಪುಟ್ಟ ಟವೆಲ್ ಇರಲಿ. ಸೋಂಕು ಒಬ್ಬರಿಂದ ಒಬ್ಬರಿಗೆ ಹರಡುವುದರಿಂದ ಅದನ್ನು ಇತರರಿಗೆ ಕೊಡಬೇಡಿ. ಸಾಕ್ಸನ್ನು ಪ್ರತಿದಿನ ಬದಲಿಸಿ.

ಹಿಮ್ಮಡಿಗೆ ರಾತ್ರಿ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚಬಹುದು. ಬೆರಳ ಸಂದಿಗೆ ಮಾತ್ರ ಹಚ್ಚಬೇಡಿ. ಉಗುರನ್ನು ನೇರವಾಗಿ ಕತ್ತರಿಸಿ. ಮೂಲೆಯನ್ನು ಆಳವಾಗಿ ಕತ್ತರಿಸಿದರೆ ಉಗುರು ಮಾಂಸದೊಳಗೆ ಬೆಳೆದು ಕೀವು ತುಂಬಬಹುದು.

ನೋವಿಲ್ಲದ ಗಾಯವೇ ಅಪಾಯ

ಸಕ್ಕರೆ ಕಾಯಿಲೆ ಇರುವವರು ಇನ್ನಷ್ಟು ಎಚ್ಚರವಾಗಿರಬೇಕು. ಈ ಕಾಯಿಲೆ ಪಾದದ ನರಗಳ ಸ್ಪರ್ಶಜ್ಞಾನವನ್ನು ಕುಂದಿಸುತ್ತದೆ, ರಕ್ತಸಂಚಾರವನ್ನೂ ಕಡಿಮೆ ಮಾಡುತ್ತದೆ. ಮುಳ್ಳು ಚುಚ್ಚಿದರೂ ಚಪ್ಪಲಿ ಕಚ್ಚಿದರೂ ಗೊತ್ತಾಗುವುದಿಲ್ಲ, ಆದ ಗಾಯ ಬೇಗ ಮಾಯುವುದೂ ಇಲ್ಲ. ‘ನೋವಿಲ್ಲ, ಹಾಗಾಗಿ ತೊಂದರೆಯಿಲ್ಲ’ ಎಂದು ಸುಮ್ಮನಿದ್ದು ಕೊನೆಗೆ ಬೆರಳನ್ನೋ ಕಾಲನ್ನೋ ಕಳೆದುಕೊಂಡವರಿದ್ದಾರೆ.

ಇಂಥವರು ಪ್ರತಿರಾತ್ರಿ ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳಬೇಕು. ಮನೆಯೊಳಗೂ ಚಪ್ಪಲಿ ಧರಿಸುವುದು ಒಳ್ಳೆಯದು. ಬಿಸಿಲಿಗೆ ಕಾದ ಮಸೀದಿಯ ಅಂಗಳದಲ್ಲಿ ಬರಿಗಾಲಲ್ಲಿ ನಡೆದರೆ ಅರಿವಿಲ್ಲದೆ ಬೊಬ್ಬೆ ಏಳಬಹುದು. ಬಿಸಿನೀರಿಗೆ ಕಾಲಿಡುವ ಮುನ್ನ ಮೊಣಕೈಯಿಂದ ಬಿಸಿ ನೋಡಿ. ಕಾಲಿನ ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಎಷ್ಟೇ ಸಣ್ಣ ಹುಣ್ಣಾದರೂ ಕೂಡಲೇ ವೈದ್ಯರಿಗೆ ತೋರಿಸಿ.

ಚಪ್ಪಲಿ ಕೊಳ್ಳುವಾಗ

ಸಂಜೆಯ ಹೊತ್ತಿಗೆ ಪಾದ ತುಸು ಊದಿಕೊಳ್ಳುತ್ತದೆ. ಬೆಳಗ್ಗೆ ಸರಿಹೊಂದಿದ ಶೂ ಸಂಜೆ ಬಿಗಿಯಾಗುವುದು ಇದರಿಂದಲೇ. ಆದ್ದರಿಂದ ಖರೀದಿಗೆ ಸಂಜೆ ಹೋಗಿ. ಎರಡೂ ಕಾಲಿಗೆ ಹಾಕಿ, ಎದ್ದುನಿಂತು, ನಾಲ್ಕು ಹೆಜ್ಜೆ ನಡೆದು ನೋಡಿ. ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು. ‘ಹಾಕಿ ಹಾಕಿ ಸಡಿಲವಾಗುತ್ತದೆ’ ಎಂಬ ಮಾತಿಗೆ ಮರುಳಾಗಬೇಡಿ. ಮುಂಭಾಗ ಚೂಪಾದ, ಹಿಮ್ಮಡಿ ಎತ್ತರವಾದ ಚಪ್ಪಲಿಯಲ್ಲಿ ಭಾರವೆಲ್ಲ ಬೆರಳುಗಳ ಬುಡದ ಮೇಲೆ ಬೀಳುತ್ತದೆ. ಮದುವೆಯ ದಿನ ಎರಡು ಗಂಟೆ ಹಾಕಿಕೊಂಡರೆ ಪರವಾಗಿಲ್ಲ, ದಿನನಿತ್ಯಕ್ಕೆ ಬೇಡ. ಸ್ಪರ್ಶಜ್ಞಾನ ಕುಂದಿದವರಿಗೆ ಹಿಂಬದಿ ಪಟ್ಟಿಯಿರುವ ಎಂಸಿಆರ್ ಚಪ್ಪಲಿ ಸೂಕ್ತ. ಇದರ ಮೆತ್ತನೆಯ ರಬ್ಬರ್ ಅಂಗಾಲಿನ ಒತ್ತಡವನ್ನು ಹಂಚುತ್ತದೆ. ಧರಿಸುವ ಮುನ್ನ ಒಳಗೆ ಕಲ್ಲು, ಮೊಳೆ ಇದೆಯೇ ಎಂದು ಕೈಯಾಡಿಸಿ ನೋಡಿ.

ಹಜ್ಜ್, ಉಮ್ರಾಗೆ ಹೊರಟವರು ಹೊಸ ಚಪ್ಪಲಿಯನ್ನು ಕೆಲವು ವಾರ ಮೊದಲೇ ಕೊಂಡು, ಮನೆಯಲ್ಲೇ ಹಾಕಿ ನಡೆದು ರೂಢಿಸಿಕೊಳ್ಳಲಿ. ಅಲ್ಲಿ ಬಹಳ ದೂರ ನಡೆಯಬೇಕಾಗುತ್ತದೆ.

ಬಗ್ಗಲಾಗದ, ಕಣ್ಣು ಮಂಜಾದ ಹಿರಿಯರು ತಮ್ಮ ಪಾದ ತಾವೇ ನೋಡಿಕೊಳ್ಳಲಾರರು. ರಾತ್ರಿ ಮಲಗುವ ಮುನ್ನ ಅಜ್ಜಿಯ ಪಾದ ನೋಡಿ ಬರುವ ಕೆಲಸವನ್ನು ಮೊಮ್ಮಕ್ಕಳಿಗೆ ಒಪ್ಪಿಸಿ. ಒಂದು ಕಾಲು ಉಳಿಸಲು ಕೆಲವೊಮ್ಮೆ ಅಷ್ಟೇ ಸಾಕಾಗುತ್ತದೆ.