ಆಯುಧಪೂಜೆಯ ವಾಸನೆಯ ಕೇಸರಿಬಾತ್

ತಟ್ಟೆಯಲ್ಲಿದ್ದದ್ದು ಬದನೆಕಾಯಿ ಎಂದು ಗೊತ್ತಾಯಿತು. ಅದರ ಮೇಲೆ ದಾಳಿಂಬೆ ಕಾಳು ಯಾಕೆ ಉದುರಿಸಿದ್ದಾರೆ ಎಂಬುದು ಗೊತ್ತಾಗಲಿಲ್ಲ. ಸರಸ್ವತಿಪುರಂನ ಆ ಮನೆಗೆ ನಾನು ಹೋದದ್ದು ಹೊರದೇಶದಲ್ಲಿ ಎಂಬಿಬಿಎಸ್ ಓದುವ ನಮ್ಮೂರ ಮಕ್ಕಳ ಫೀಸು, ಪರೀಕ್ಷೆ, ಮಾನ್ಯತೆಗಳ ಬಗ್ಗೆ ಗಂಭೀರವಾಗಿ ನಾಲ್ಕು ಮಾತು ಬರೆಯೋಣ ಎಂದು. ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ ಐದನೇ ವರ್ಷ ಓದುತ್ತಿರುವ ಆ ಮನೆಯ ಮಗಳು ರಜೆಗೆ ಬಂದಿದ್ದಳು. ಫೀಸಿನ ಕಥೆಯನ್ನು ಎರಡೇ ಮಾತಿನಲ್ಲಿ ಮುಗಿಸಿ, ‘ಅಂಕಲ್, ಮೊದಲು ಇದನ್ನ ತಿನ್ನಿ’ ಎಂದು ತಟ್ಟೆ ಮುಂದಿಟ್ಟಳು.

ಬದನೆಯನ್ನು ಉದ್ದಕ್ಕೆ ತೆಳ್ಳಗೆ ಸೀಳಿ, ಎಣ್ಣೆಯಲ್ಲಿ ಬಾಡಿಸಿ, ಅಕ್ರೋಟು, ಬೆಳ್ಳುಳ್ಳಿ, ಕೊತ್ತಂಬರಿ ಮತ್ತು ಅಲ್ಲಿಯದೇ ಒಂದು ಬಗೆಯ ಮೆಂತ್ಯ ಸೇರಿಸಿ ರುಬ್ಬಿದ ಚಟ್ನಿ ಸವರಿ ಸುರುಳಿ ಸುತ್ತಬೇಕು. ಜಾರ್ಜಿಯಾದವರು ಇದನ್ನು ‘ಬದ್ರಿಜಾನಿ’ ಎನ್ನುತ್ತಾರೆ. ಆದರೆ ಅಮ್ಮ ಮಾರುಕಟ್ಟೆಯಿಂದ ಅಭಿಮಾನದಿಂದ ತಂದದ್ದು ದುಂಡಗೆ ತಿಳಿಹಸಿರಿನ ಈರನಗೆರೆ ಬದನೆ. ಅದು ಯಾವ ಸುರುಳಿಗೂ ಬಗ್ಗದೆ ಬಿಲ್ಲೆ ಬಿಲ್ಲೆಯಾಗಿ ಒಂದರ ಮೇಲೊಂದು ಕೂತಿತ್ತು. ‘ಎಣ್ಣೆಗಾಯಿಗೆ ಹೇಳಿ ಮಾಡಿಸಿದ್ದು ಕಣೇ ಅದು, ಸುತ್ತೋಕಲ್ಲ’ ಎಂದು ಅಮ್ಮ ತೀರ್ಪು ಕೊಟ್ಟಾಗಿತ್ತು. ರುಚಿಗೆ ಮಾತ್ರ ಮೋಸವಿರಲಿಲ್ಲ. ಚಟ್ನಿಯ ಬಣ್ಣ ನೋಡಿ ‘ಅರಿಶಿನ ಸ್ವಲ್ಪ ಮುಂದಾಯ್ತಾ?’ ಎಂದೆ.

‘ಅರಿಶಿನ ಅಲ್ಲ ಅಂಕಲ್. ಚೆಂಡುಹೂವು.’

ಅಲ್ಲಿಗೆ ಫೀಸು, ಮಾನ್ಯತೆ ಎಲ್ಲವೂ ನನ್ನ ತಲೆಯಿಂದ ಇಳಿದುಹೋದವು. ದಸರೆಯ ಹಿಂದಿನ ದಿನ ಮಾರುಗಟ್ಟಲೆ ತಂದು ಸ್ಕೂಟರ್, ಸೈಕಲ್, ಸಿಟಿ ಬಸ್ಸಿನ ಮೂತಿಗೆಲ್ಲ ಕಟ್ಟುವ ಹೂವದು. ಮೈಸೂರಿನವನಿಗೆ ಅದನ್ನು ತಿನ್ನುವ ಯೋಚನೆ ಹೇಗೆ ಬಂದೀತು?

ಅವಳಿಗೂ ಬಂದಿರಲಿಲ್ಲ. ಮೊದಲ ವರ್ಷದ ನವರಾತ್ರಿಯಲ್ಲಿ ರೂಮಿನ ಹುಡುಗಿಯರು ಸೇರಿ ಕೇಸರಿಬಾತ್ ಮಾಡಲು ಹೊರಟರಂತೆ. ಟಿಬಿಲಿಸಿ ರೈಲ್ವೆ ನಿಲ್ದಾಣದ ಹತ್ತಿರ ಡೆಸರ್ಟರ್ ಬಜಾರ್ ಎಂಬ ದೊಡ್ಡ ಸಂತೆಯಿದೆ. 1920ರ ದಶಕದಲ್ಲಿ ಸೈನ್ಯ ಬಿಟ್ಟು ಓಡಿಬಂದ ಸಿಪಾಯಿಗಳು ತಮ್ಮ ಬಂದೂಕುಗಳನ್ನು ಅಲ್ಲಿ ಮಾರುತ್ತಿದ್ದರಂತೆ, ಅದಕ್ಕೇ ಆ ಹೆಸರು. ಈಗ ಅಲ್ಲಿ ಚೀಸ್, ಉಪ್ಪಿನಕಾಯಿ, ಸಾಂಬಾರ ಪದಾರ್ಥ. ಹಳದಿ ಪುಡಿಯ ಗುಡ್ಡೆ ತೋರಿಸಿ ಅಂಗಡಿಯ ಅಜ್ಜಿ ‘ಶಾಪ್ರಾನಿ’ ಎಂದಳು. ಕೇಸರಿ! ಅದೂ ಇಷ್ಟು ಅಗ್ಗಕ್ಕೆ! ಹುಡುಗಿಯರು ಹಿಗ್ಗಿ ಒಂದು ಪೊಟ್ಟಣ ಕಟ್ಟಿಸಿಕೊಂಡರು. ರವೆ ಹುರಿದು, ಸಕ್ಕರೆ ಹಾಕಿ, ಧಾರಾಳವಾಗಿ ಆ ಪುಡಿ ಬೆರೆಸಿದರು. ಬಣ್ಣ ಚೆನ್ನಾಗಿಯೇ ಬಂತು. ಮುಚ್ಚಳ ತೆಗೆದರೆ ರೂಮಿನ ತುಂಬ ಆಯುಧಪೂಜೆಯ ವಾಸನೆ. ‘ನಮ್ಮಪ್ಪನ ಬಜಾಜ್ ಸ್ಕೂಟರ್ ಪಕ್ಕ ನಿಂತ ಹಾಗಾಯ್ತು. ಒಬ್ಬಳು ಅಳೋಕೇ ಶುರುಮಾಡಿದಳು’ ಎಂದು ನಕ್ಕಳು. ಕಹಿಯಿದ್ದರೂ ಕೇಸರಿಬಾತ್ ಪೂರ್ತಿ ಖಾಲಿಯಾಯಿತಂತೆ.

ಜಾರ್ಜಿಯಾದ ಪಶ್ಚಿಮ ಭಾಗದಲ್ಲಿ ಇಮೆರೇತಿ ಎಂಬ ಸೀಮೆಯಿದೆ. ಅಲ್ಲಿಯ ಜನ ಚೆಂಡುಹೂವಿನ ಎಸಳು ಒಣಗಿಸಿ ಪುಡಿಮಾಡಿ ಅಡುಗೆಗೆ ಬಳಸುತ್ತಾರೆ. ‘ಇಮೆರೇತಿ ಕೇಸರಿ’ ಎಂದರೆ ಅದೇ. ಅಕ್ರೋಟಿನ ಮೇಲೋಗರಗಳಿಗೆಲ್ಲ ಅದು ಬೇಕೇಬೇಕು. ಒಂದು ಬೆರಳಷ್ಟು ಪುಡಿ ನಾನೂ ನೆಕ್ಕಿ ನೋಡಿದೆ. ಮೊದಲು ಮಣ್ಣಿನ ಘಮ, ಆಮೇಲೆ ತುಸು ಕಹಿ, ಕೊನೆಗೆ ಹೂವಿನಂಗಡಿ. ಬಾಯಿಯಲ್ಲಿ ಬಹಳ ಹೊತ್ತು ಉಳಿಯುತ್ತದೆ.

ಮಾರನೆಯ ದಿನ ಸುಮ್ಮನಿರಲಾಗದೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಹೋದೆ. ಚೆಂಡುಹೂವು ತಿನ್ನುವವರಿದ್ದಾರಂತೆ ಎಂದಾಗ ಹೂವಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಬೇರೇನೂ ಸಿಗಲಿಲ್ವಾ ಬುದ್ಧಿ ನಿಮಗೆ?’ ಎಂದಳು. ಅವಳ ಮಾತಿನಲ್ಲಿ ನ್ಯಾಯವಿದೆ. ದೇವರ ಹೂವೆಂದು ಬೆಳೆದದ್ದಕ್ಕೆ ಕೀಟನಾಶಕ ಹೊಡೆಯುವಾಗ ಯಾರೂ ಬಾಯಿಯ ಯೋಚನೆ ಮಾಡುವುದಿಲ್ಲ. ಆದ್ದರಿಂದ ಇದನ್ನು ಓದಿ ಯಾರೂ ವಾಹನಕ್ಕೆ ಕಟ್ಟಿದ ಹಾರ ಬಿಚ್ಚಿ ಪುಡಿಮಾಡಲು ಹೋಗಬೇಡಿ. ಅಲ್ಲದೆ ಜಾರ್ಜಿಯಾದ್ದು ಸಣ್ಣ ಗಿಡದ ಚಿಕ್ಕ ಹೂವಿನ ಜಾತಿ. ನಮ್ಮ ಹಾರದ ದಪ್ಪ ಚೆಂಡು ಅದೇ ಕುಲದ ಇನ್ನೊಂದು ಜಾತಿ.

ಎರಡರ ತವರೂ ಮೆಕ್ಸಿಕೊ ಕಡೆ. ಕೊಲಂಬಸ್ ಸಮುದ್ರ ದಾಟುವ ಮೊದಲು ಚೆಂಡುಹೂವನ್ನು ಮೈಸೂರೂ ಕಂಡಿರಲಿಲ್ಲ, ಟಿಬಿಲಿಸಿಯೂ ಕಂಡಿರಲಿಲ್ಲ. ಮೆಕ್ಸಿಕೊದವರು ಇಂದಿಗೂ ನವೆಂಬರ್ ಮೊದಲ ವಾರ ಸತ್ತವರ ಹಬ್ಬಕ್ಕೆ ಗೋರಿಗಳ ಮೇಲೆ ಇದನ್ನೇ ಹರಡುತ್ತಾರೆ. ಅವರು ಪಿತೃಗಳಿಗೆ ಕೊಟ್ಟದ್ದನ್ನು ನಾವು ದೇವರಿಗೂ ಬಸ್ಸಿಗೂ ಕೊಟ್ಟೆವು. ಜಾರ್ಜಿಯಾದವರು ಮಾತ್ರ ಒಲೆಗೆ ಒಯ್ದರು. ಯಾರು ಜಾಣರು ಎಂದರೆ, ಬದನೆ ತಿಂದ ಮೇಲೆ ನನ್ನ ಮತ ಜಾರ್ಜಿಯಾಕ್ಕೆ.

ಹಾಗೆ ನೋಡಿದರೆ ನಮ್ಮಲ್ಲೂ ಬಹಳ ಮಂದಿ ತಿಳಿಯದೆ ಇದನ್ನು ತಿನ್ನುತ್ತಲೇ ಇದ್ದಾರೆ. ಊಟಿ ರಸ್ತೆಯಲ್ಲಿ ಗುಂಡ್ಲುಪೇಟೆ ಸುತ್ತಮುತ್ತ ಎಕರೆಗಟ್ಟಲೆ ಚೆಂಡುಹೂವಿದೆ. ಓಣಂ ಹೊತ್ತಿಗೆ ಕೇರಳದವರು ಕಾರು ನಿಲ್ಲಿಸಿ ಫೋಟೊ ತೆಗೆದುಕೊಳ್ಳುವುದು ಆ ಹೊಲಗಳಲ್ಲೇ. ಅಷ್ಟೂ ಹೂವು ದೇವರಿಗೆ ಹೋಗುವುದಿಲ್ಲ. ಕಾರ್ಖಾನೆಗಳು ಹೂವನ್ನು ಕೊಂಡು ಒಣಗಿಸಿ ಬಣ್ಣ ತೆಗೆಯುತ್ತವೆ. ಆ ಬಣ್ಣ ಕೋಳಿಯ ಮೇವಿಗೆ ಸೇರಿದರೆ ಮೊಟ್ಟೆಯ ಭಂಡಾರ ಹೊಳೆಯುವ ಹಳದಿಯಾಗುತ್ತದೆ. ಅದರಲ್ಲಿರುವುದು ಲ್ಯೂಟೀನ್. ಈ ಮಾತು ಬಂದೊಡನೆ ಹುಡುಗಿಯೊಳಗಿನ ಡಾಕ್ಟರು ಎದ್ದು ಕೂತಳು: ‘ಕಣ್ಣಿನ ರೆಟಿನಾದ ನಡುವೆ ಹಳದಿ ಚುಕ್ಕೆ ಇದೆಯಲ್ಲ, ಅದರ ಬಣ್ಣವೂ ಲ್ಯೂಟೀನೇ. ವಯಸ್ಸಾದವರಿಗೆ ಆ ಭಾಗ ಸವೆಯುವುದನ್ನ ನಿಧಾನಿಸೋಕೆ ಕೊಡೋ ಮಾತ್ರೇಲಿ 10 ಮಿಲಿಗ್ರಾಂ ಇರತ್ತೆ.’ 2013ರಲ್ಲಿ ಅಮೆರಿಕದಲ್ಲಿ ಫಲಿತಾಂಶ ಹೊರಬಂದ ಎಆರ್‌ಇಡಿಎಸ್-2 ಎಂಬ ದೊಡ್ಡ ಅಧ್ಯಯನದಲ್ಲಿ ಬಳಸಿದ ಪ್ರಮಾಣವದು. ಮಾತ್ರೆಗಳ ಲ್ಯೂಟೀನ್ ಬರುವುದು ಬಹುಮಟ್ಟಿಗೆ ಚೆಂಡುಹೂವಿನಿಂದಲೇ. ಹಾಗೆಂದು ಬದ್ರಿಜಾನಿ ತಿಂದರೆ ಕನ್ನಡಕ ಬಿಸಾಡಬಹುದೇ ಎಂದು ಕೇಳಿದೆ. ‘ವಾಟ್ಸಾಪ್‌ನಲ್ಲಿ ಹಾಗೇ ಬರತ್ತೆ ನೋಡ್ತಿರಿ’ ಎಂದಳು.

ಇನ್ನು ನಾನು ಬರೆಯಹೊರಟಿದ್ದ ವಿಷಯ. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು ಶುರುವಾದದ್ದು 1924ರಲ್ಲಿ, ಬೆಂಗಳೂರಿನಲ್ಲಿ. ಮೈಸೂರಿಗೆ ಬಂದದ್ದು 1930ರಲ್ಲಿ. ಜೆಎಸ್ಎಸ್ ಕಾಲೇಜು 1984ರದು. ಊರಿನಲ್ಲೇ ಇಷ್ಟಿದ್ದೂ ಮಕ್ಕಳು ಹೊರಗೆ ಹೋಗುವುದೇಕೆ ಎಂದರೆ ಉತ್ತರ ಎಲ್ಲರಿಗೂ ಗೊತ್ತು: ಸರ್ಕಾರಿ ಸೀಟು ಸಿಗುವುದಿಲ್ಲ, ಖಾಸಗಿ ಸೀಟು ಕೈಗೆಟುಕುವುದಿಲ್ಲ. ವಾಪಸು ಬಂದವರಿಗೆ 2002ರಿಂದ ಅರ್ಹತಾ ಪರೀಕ್ಷೆಯಿದೆ, 300ಕ್ಕೆ 150 ಬರಬೇಕು. ಕುಳಿತವರಲ್ಲಿ ಮುಕ್ಕಾಲು ಪಾಲು ನಪಾಸಾದ ವರ್ಷಗಳು ಬೇಕಾದಷ್ಟಿವೆ. ಹೊರಡುವ ಮೊದಲೇ ನೀಟ್ ಪಾಸಾಗಿರಬೇಕೆಂಬ ನಿಯಮ 2018ರದು. 2021ರ ನಿಯಮಾವಳಿ ಬಂದ ಮೇಲೆ ಕನಿಷ್ಠ 54 ತಿಂಗಳ ಓದು, ಅಲ್ಲಿ ಒಂದು ವರ್ಷ, ಇಲ್ಲಿ ಒಂದು ವರ್ಷ ಇಂಟರ್ನ್‌ಷಿಪ್. ಏಜೆಂಟರ ಬಣ್ಣದ ಹಾಳೆಗಳಲ್ಲಿ ಈ ಸಾಲುಗಳು ಸಣ್ಣ ಅಕ್ಷರದಲ್ಲಿರುತ್ತವೆ. ‘ಇಂಡಿಯನ್ ಮೆಸ್ ಉಂಟು’ ಎಂಬುದು ದಪ್ಪ ಅಕ್ಷರದಲ್ಲಿ.

ಊಟದ ಮಾತು ಸಣ್ಣದಲ್ಲ. 1883ರಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ ಡಾಕ್ಟರಾದ ಆನಂದಿಬಾಯಿ ಜೋಶಿ ಅಲ್ಲಿಯ ಚಳಿ, ಒಗ್ಗದ ಊಟಗಳ ನಡುವೆ ಆರೋಗ್ಯ ಕಳೆದುಕೊಂಡು, ಊರಿಗೆ ಮರಳಿದ ಕೆಲವೇ ತಿಂಗಳಲ್ಲಿ, 22 ತುಂಬುವ ಮೊದಲೇ ತೀರಿಕೊಂಡರು. ಇನ್ನು 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನಲ್ಲಿ ರಾಣೆಬೆನ್ನೂರು ತಾಲ್ಲೂಕು ಚಳಗೇರಿಯ ಹುಡುಗ ಶೆಲ್ ದಾಳಿಗೆ ಬಲಿಯಾದದ್ದು ಆಹಾರ ತರಲು ಹೊರಗೆ ಹೋಗಿದ್ದಾಗ. ಅವನ ದೇಹವನ್ನು ಹೆತ್ತವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಆ ಯುದ್ಧದಿಂದ ಓದು ಕಡಿದುಹೋದ ಕೆಲವರು ಮುಂದೆ ಜಾರ್ಜಿಯಾದ ಕಾಲೇಜುಗಳಿಗೆ ಸೇರಿದರು. ಅಂಥ ಒಬ್ಬಳು ಈ ಹುಡುಗಿಯ ರೂಮಿನಲ್ಲಿದ್ದಾಳೆ. ಅಕ್ಕಿ ಮುಗಿಯುವ ಮೊದಲೇ ಇನ್ನೊಂದು ಚೀಲ ತಂದಿಡುವುದು ಅವಳ ಅಭ್ಯಾಸವಂತೆ. ಯಾರೂ ಏನೂ ಕೇಳುವುದಿಲ್ಲ.

ಸುತ್ತಾಟದ ಫೋಟೊಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ನನಗೆ ಈಗಿನ ಪ್ರವಾಸದ ರೀಲ್ಸ್ ಅಂದರೆ ಅಷ್ಟಕ್ಕಷ್ಟೆ: ಎಲ್ಲ ಬೆಟ್ಟದ ಮುಂದೂ ಅದೇ ನಗು, ಅದೇ ಹಾಡು. ಇವಳ ಫೋಟೊಗಳಲ್ಲಿ ಅರ್ಧದಷ್ಟು ಊಟದ ಡಬ್ಬಿಯವು, ಹಾಗಾಗಿ ನೋಡಿದೆ. ಮ್ಟ್ಸ್‌ಖೇಟಾ ಎಂಬ, ಒತ್ತಕ್ಷರ ಸಾಲದ ಹೆಸರಿನ ಹಳೆಯ ರಾಜಧಾನಿ ಟಿಬಿಲಿಸಿಯಿಂದ ಸುಮಾರು 20 ಕಿಲೋಮೀಟರ್. ಬೆಟ್ಟದ ಮೇಲಿನ ಜ್ವಾರಿ ಮಠದಿಂದ ನೋಡಿದರೆ ಕೆಳಗೆ ಅರಾಗ್ವಿ ಮತ್ತು ಮ್ಟ್‌ಕ್ವಾರಿ ನದಿಗಳು ಸೇರುವ ಜಾಗ. ಎರಡರ ನೀರಿನ ಬಣ್ಣ ಬೇರೆ ಬೇರೆಯಾಗಿ ಕಾಣುತ್ತದೆ. ‘ಇದು ನಮ್ಮ ಟಿ. ನರಸೀಪುರ’ ಎಂದು ಅವಳು ಆ ಫೋಟೊಗೆ ಹೆಸರಿಟ್ಟಿದ್ದಾಳೆ. ಸಂಗಮದ ದಂಡೆಯಲ್ಲಿ ಕೂತು ಡಬ್ಬಿಯ ಪುಳಿಯೋಗರೆ ಬಿಚ್ಚಿದ್ದಾರೆ.

ಆ ಊರಿನ 11ನೇ ಶತಮಾನದ ಸ್ವೆಟಿಟ್ಸ್‌ಖೋವೆಲಿ ಇಗರ್ಜಿಯ ಗೋಡೆಯ ಮೇಲೆ ಒಂದು ಕೈ ಮತ್ತು ಮೂಲೆಮಟ್ಟದ ಕೆತ್ತನೆಯಿದೆ. ಅದನ್ನು ಕಟ್ಟಿದ ಶಿಲ್ಪಿಯ ಬಲಗೈ ಕಡಿದರು ಎಂದು ಅಲ್ಲಿಯ ಐತಿಹ್ಯ. ಜಕಣಾಚಾರಿಯ ಕೈದಾಳದ ಕಥೆ ಕೇಳಿ ಬೆಳೆದವರಿಗೆ ಇದು ಎಲ್ಲೋ ಕೇಳಿದ್ದು ಎನಿಸದೆ ಇರದು. ನಮ್ಮವನಿಗೆ ದೇವರು ಕೈ ತಿರುಗಿ ಕೊಟ್ಟ, ಅವರವನಿಗೆ ಕೊಡಲಿಲ್ಲ. ಎರಡನ್ನೂ ನಾನು ನಂಬುವುದಿಲ್ಲ. ಆದರೆ ದೊಡ್ಡ ಗುಡಿ ಕಟ್ಟಿದ ಕಡೆಯೆಲ್ಲ ಜನ ಒಂದು ಕೈಯನ್ನು ಕತ್ತರಿಸಿಯೇ ಕಥೆ ಹೇಳುತ್ತಾರಲ್ಲ, ಅದು ವಿಚಿತ್ರ.

ಗೋರಿ ಎಂಬ ಊರಿನಲ್ಲಿ ಸ್ಟಾಲಿನ್ ಹುಟ್ಟಿದ ಮನೆ ನೋಡಿದ್ದಾಳೆ, ಬೇಸರವಾಯಿತಂತೆ. ಕಾಜ್ಬೆಗಿ ಎಂಬ ಬೆಟ್ಟದ ಊರಿಗೆ ಹೋಗುವ ದಾರಿಯಲ್ಲಿ ಮಿನಿಬಸ್ಸಿನ ತಿರುವುಗಳಿಗೆ ಹೊಟ್ಟೆ ತೊಳಸಿದರೆ, ವೈದ್ಯಕೀಯ ವಿದ್ಯಾರ್ಥಿಗಳೇ ತುಂಬಿದ್ದ ಬಸ್ಸಿನಲ್ಲಿ ಒಬ್ಬರ ಬಳಿಯೂ ವಾಂತಿಯ ಮಾತ್ರೆ ಇರಲಿಲ್ಲವಂತೆ. 2,170 ಮೀಟರ್ ಎತ್ತರದಲ್ಲಿ ಗೆರ್ಗೆಟಿ ಇಗರ್ಜಿ, ಹಿಂದೆ 5,000 ಮೀಟರ್ ದಾಟಿದ ಹಿಮದ ಕಾಜ್ಬೆಕ್ ಶಿಖರ. ಅದೇ ದಾರಿಯ ಗುಡೌರಿಯಲ್ಲಿ 2024ರ ಡಿಸೆಂಬರ್‌ನಲ್ಲಿ ಜನರೇಟರಿನ ವಿಷಾನಿಲಕ್ಕೆ ಮಲಗಿದ್ದಲ್ಲೇ 12 ಮಂದಿ ಸತ್ತರು, ಹೆಚ್ಚಿನವರು ಭಾರತೀಯ ಕೆಲಸಗಾರರು. ಅಂದಿನಿಂದ ಅಮ್ಮನ ಫೋನಿನ ಮೊದಲ ಪ್ರಶ್ನೆ ‘ಊಟ ಆಯ್ತಾ’ ಅಲ್ಲ, ‘ಕಿಟಕಿ ತೆಗೆದಿದ್ದೀಯಾ’. ಎರಡೂ ಊರಿಗೆ ಒಂದೂವರೆ ಗಂಟೆಯ ವ್ಯತ್ಯಾಸ. ಇಲ್ಲಿ ರಾತ್ರಿ ಎಂಟೂವರೆಗೆ ಅಮ್ಮ ಪಾತ್ರೆ ತೊಳೆದು ಫೋನು ಹಿಡಿದರೆ ಅಲ್ಲಿ ಮಗಳು ಏಳು ಗಂಟೆಗೆ ಒಲೆ ಹಚ್ಚುತ್ತಾಳೆ. ಅಡುಗೆ ಕಲಿತದ್ದು ಆ ವಿಡಿಯೊ ಕರೆಗಳಲ್ಲೇ.

ಹುಣಸೆಹಣ್ಣು ಮುಗಿದ ದಿನ ಅವಳು ಕಂಡುಕೊಂಡದ್ದು ಟ್ಕ್ಲಾಪಿ. ಹುಳಿ ಪ್ಲಮ್ ಹಣ್ಣಿನ ತಿರುಳನ್ನು ಬೇಯಿಸಿ, ಹಲಸಿನ ಹಪ್ಪಳ ಹರಡಿದಂತೆ ತೆಳ್ಳಗೆ ಹರಡಿ, ಬಿಸಿಲಲ್ಲಿ ಒಣಗಿಸಿದ ಹಾಳೆ. ಅಲ್ಲಿಯವರು ಅದನ್ನು ‘ಖಾರ್ಚೊ’ ಎಂಬ ಸಾರಿಗೆ ಹುಳಿಯಾಗಿ ಹಾಕುತ್ತಾರೆ. ಬಿಸಿನೀರಿನಲ್ಲಿ ನೆನೆಸಿ ಕಿವುಚಿದರೆ ಆಯಿತು. ಅವಳ ಅಮ್ಮನ ಸಾರಿನಪುಡಿಗೆ ಅದು ಚೆನ್ನಾಗಿ ಹೊಂದಿತು, ಆದರೆ ಬಣ್ಣ ತುಸು ಕೆಂಪು. ತೊಗರಿಬೇಳೆ ಇಂಡಿಯನ್ ಅಂಗಡಿಯಲ್ಲಿ ಸಿಕ್ಕರೂ ದುಬಾರಿ, ಹಾಗಾಗಿ ವಾರದ ಹುಳಿ ಅಲ್ಲಿಯ ಕೆಂಪು ಬೀನ್ಸಿನದು. ಚಳಿಗಾಲದಲ್ಲಿ ದೋಸೆಹಿಟ್ಟು ಹುಳಿ ಬರಲು ಕೋಣೆಯ ಹೀಟರ್ ಪಕ್ಕದಲ್ಲಿ ಕಂಬಳಿ ಸುತ್ತಿ ಇಡಬೇಕು. ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳು ಸಸ್ಯಾಹಾರಿಗಳಿಗೆ ಹಬ್ಬ: ಮಾಂಸ, ಹಾಲು, ಮೊಟ್ಟೆ ಇಲ್ಲದ ತಿಂಡಿ ಬೇಕರಿ, ಹೋಟೆಲುಗಳಲ್ಲಿ ಬೇರೆಯಾಗಿಯೇ ಇರುತ್ತದೆ. ಆರ್.ಕೆ. ನಾರಾಯಣ್ 1956ರಲ್ಲಿ ಯಾದವಗಿರಿಯಿಂದ ಅಮೆರಿಕಕ್ಕೆ ಹೋಗಿ ಸಸ್ಯಾಹಾರಕ್ಕಾಗಿ ಪಟ್ಟ ಪಾಡನ್ನು ಓದಿದವರಿಗೆ ಈ ಹುಡುಗಿ ಎಷ್ಟು ಸುಖಿ ಎಂದು ಗೊತ್ತಾಗುತ್ತದೆ.

ಮುಂದಿನ ತಂಡದಲ್ಲಿ ಮಕ್ಕಳನ್ನು ಕಳಿಸಲು ಚೀಲ ಕಟ್ಟುತ್ತಿರುವ ಅಮ್ಮಂದಿರಿಗೆ ಅವಳು ಹೇಳಿದ್ದನ್ನು ಹಾಗೇ ಕೊಡುತ್ತೇನೆ. ಹುಣಸೆಹಣ್ಣು, ಅಕ್ಕಿ ಹೊರಿಸಬೇಡಿ. ಸಾರಿನಪುಡಿ, ಇಂಗು, ರಾಗಿಹಿಟ್ಟು ಇರಲಿ. ಕುಕ್ಕರ್ ಮೂರು ಲೀಟರಿನದು ಸಾಕು, ಅದರ ಜೊತೆ ಎರಡು ಗ್ಯಾಸ್ಕೆಟ್ ಮರೆಯದೆ ಇಡಿ. ಅವಳು ಟಿಬಿಲಿಸಿಯ ಅಂಗಡಿಗಳನ್ನೆಲ್ಲ ಸುತ್ತಿದರೂ ಅದೊಂದು ಸಿಗಲಿಲ್ಲ.